ಹೇಗೂ ಬೀಳುವ ಹಲ್ಲಿಗೆ ಚಿಕಿತ್ಸೆ ಏಕೆ?

ಪ್ರಶ್ನೆ: ನನ್ನ 5 ವರ್ಷದ ಮಗನ ಕೆಳದವಡೆಯ ಹಲ್ಲು ಕಪ್ಪಾಗಿ ಗುಳಿ ಬಿದ್ದಿದೆ. ರಾತ್ರಿ ನೋವೆಂದು ಎದ್ದು ಅಳುತ್ತಾನೆ. ಹಾಲುಹಲ್ಲು ಹೇಗೂ ಬೀಳುತ್ತದೆ, ಸಂತೆಯಲ್ಲಿ ಹೊಗೆ ಹಾಕಿ ಹುಳ ತೆಗೆಸಿದರೆ ಸಾಕು ಎನ್ನುತ್ತಾರೆ ನಮ್ಮ ಅತ್ತೆಯವರು. ಏನು ಮಾಡಲಿ?
– ಓದುಗರು, ಸಕಲೇಶಪುರ

ಉತ್ತರ: ಹಾಸನದಲ್ಲಿ ಮಕ್ಕಳ ಹಲ್ಲು ನೋಡುವ ನನಗೆ ‘ಹೇಗೂ ಬೀಳುತ್ತದೆ’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಮುಂದಿನ ಹಾಲುಹಲ್ಲುಗಳು 6–7ನೆಯ ವರ್ಷಕ್ಕೆ ಬಿದ್ದರೂ ದವಡೆಯವು 10–12ನೆಯ ವರ್ಷದವರೆಗೆ ಇರಬೇಕಾದವು. ಅದನ್ನು ಈಗಲೇ ಕೀಳಿಸಿ ಸುಮ್ಮನಾದರೆ, 6ನೆಯ ವರ್ಷದ ಆಸುಪಾಸಿನಲ್ಲಿ ಹಿಂದೆ ಹುಟ್ಟುವ ಶಾಶ್ವತ ದವಡೆ ಹಲ್ಲು ಖಾಲಿ ಜಾಗಕ್ಕೆ ವಾಲಿ, ಒಳಗಿನಿಂದ ಬರಬೇಕಾದ ಹಲ್ಲಿಗೆ ದಾರಿಯೇ ಉಳಿಯುವುದಿಲ್ಲ. ಹಿಂದಿನ ಆ ಹಲ್ಲು ಯಾವ ಹಲ್ಲೂ ಬೀಳದೆ ಹುಟ್ಟುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು ಹಾಳುಮಾಡಿಕೊಂಡು ಬರುವವರು ಬೇರೆ ಇದ್ದಾರೆ.

ನಿದ್ದೆಯಿಂದ ಎಬ್ಬಿಸುವ ನೋವೆಂದರೆ ಹುಳುಕು ಬಹುಶಃ ನರವನ್ನು ಮುಟ್ಟಿದೆ. ಟಾರ್ಚ್ ಹಿಡಿದು ಆ ಹಲ್ಲಿನ ಬುಡದ ವಸಡನ್ನು ನೋಡಿ. ಸಾಸಿವೆ ಕಾಳಿನಷ್ಟು ಕೀವುಗುಳ್ಳೆ ಕಂಡರೆ ಸೋಂಕು ಬೇರಿಗೆ ಇಳಿದಿದೆ ಎಂದರ್ಥ. ಶಾಶ್ವತ ಹಲ್ಲು ಬೆಳೆಯುತ್ತಿರುವುದೂ ಆ ಬೇರುಗಳ ನಡುವೆಯೇ. ನರದ ಚಿಕಿತ್ಸೆ ಮಾಡಿ ಕ್ಯಾಪ್ ಹಾಕಿದರೆ ಹಲ್ಲು ಸಾಮಾನ್ಯವಾಗಿ ಉಳಿಯುತ್ತದೆ. ಉಳಿಯದಿದ್ದರೆ ಕಿತ್ತು, ಜಾಗ ಕಾಯುವ ತಂತಿ ಕೂರಿಸಬೇಕಾಗುತ್ತದೆ. ಕೆನ್ನೆ ಊದಿ ಜ್ವರ ಬಂದರೆ ಸಂಜೆಯವರೆಗೂ ಕಾಯಬೇಡಿ.

ಹಲ್ಲಿನಲ್ಲಿ ಹುಳವಿರುವುದಿಲ್ಲ, ಸಕ್ಕರೆಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳಿಂದ ಗುಳಿ ಬೀಳುತ್ತದೆ. ಸಂತೆಯವನು ತಟ್ಟೆಗೆ ಉದುರಿಸಿ ತೋರಿಸುವುದು ಅವನೇ ಸುಟ್ಟ ಬೀಜದೊಳಗಿನ ಮೊಳಕೆ, ಇಲ್ಲವೇ ಕೈಚಳಕ. ಇಂಥವನಿಗೆ ದುಡ್ಡು ಕೊಟ್ಟು, ಮುಖ ಊದಿದ ಮೇಲೆ ಮಗುವನ್ನು ನಮ್ಮಲ್ಲಿಗೆ ತಂದು ‘ಬೇಗ ಗುಣ ಮಾಡಿ’ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನೀವು ಬರೆಯದ ಒಂದು ಸಂಗತಿಯನ್ನು ನಾನೇ ಕೇಳುತ್ತೇನೆ: ಮಗನಿಗೆ ಸಕ್ಕರೆ ಬೆರೆಸಿದ ಹಾಲು ಕುಡಿಸಿ ಹಾಗೆಯೇ ಮಲಗಿಸುತ್ತೀರಾ? ಹೌದಾದರೆ ಇಂದೇ ನಿಲ್ಲಿಸಿ. ರಾತ್ರಿ ಹಲ್ಲುಜ್ಜಿಸಿದ ಮೇಲೆ ನೀರಲ್ಲದೆ ಬೇರೇನೂ ಬೇಡ, ಉಜ್ಜುವವರು ನೀವೇ ಆಗಿರಬೇಕು.

ಪ್ರಶ್ನೆ: ಹಲ್ಲು ಹುಟ್ಟುವ ಮಗುವಿಗೆ ಭೇದಿ ಸಹಜವೇ?
– ಓದುಗರು, ಬೇಲೂರು

ಉತ್ತರ: ಅಲ್ಲ; ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗಳ ಹೊಸ ಹಲ್ಲುಗಳ ಮೇಲಿನ ಕಂದು ಕಲೆ ಯಾವ ಪುಡಿಯಿಂದ ಉಜ್ಜಿದರೆ ಹೋಗುತ್ತದೆ?
– ಓದುಗರು, ಕಡೂರು

ಉತ್ತರ: ಯಾವುದರಿಂದಲೂ ಹೋಗುವುದಿಲ್ಲ, ಇದ್ದಿಲು–ಇಟ್ಟಿಗೆ ಪುಡಿಯಿಂದ ಹಲ್ಲೇ ಸವೆಯುತ್ತದೆ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಿದ್ದರೆ ಇಂಥ ಕಲೆ ಬೀಳುತ್ತದೆ. ಕಡೂರು, ಅರಸೀಕೆರೆ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಹೆಚ್ಚಿರುವುದರಿಂದ ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ, ಮನೆಯಲ್ಲಿರುವ 8 ವರ್ಷದೊಳಗಿನ ಮಕ್ಕಳಿಗಾದರೂ ಬೇರೆ ನೀರು ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.