ಮೊದಲು ಮ್ಯಾಕ್‌ಬೆತ್, ಆಮೇಲೆ ಪಟ್ಟಿ

ಓದುಗರ ಪತ್ರ: ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಮಗಳು ಜಿಸಿಎಸ್‌ಇಗೆ (ಇಲ್ಲಿ ಹದಿನಾರರ ಹೊತ್ತಿಗೆ ಬರೆಯುವ ಶಾಲಾ ಪರೀಕ್ಷೆ) ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಳೆ. ಮೆಟಫರ್, ಪ್ಯಾರಡಾಕ್ಸ್, ಅಲಿಟರೇಶನ್ ಅಂತ ಶಾಲೆಯಲ್ಲಿ ಕೊಟ್ಟ ಸಾಹಿತ್ಯದ ಪದಗಳ ಪಟ್ಟಿಯನ್ನು ದಿನಾ ಬಾಯಿಪಾಠ ಮಾಡಿಸುತ್ತೇನೆ. ಇಂಥ ಪದಗಳನ್ನು ಅರ್ಥ ಸಮೇತ ಪತ್ರಿಕೆಯಲ್ಲಿ ಹಾಕಬಾರದೇ?

ಸಂಪಾದಕರ ಉತ್ತರ: ಹಾಕಬಹುದು ಸ್ವಾಮಿ, ಆದರೆ ಹಾಕುವುದಿಲ್ಲ. ಮಗಳ ಪಕ್ಕ ಕೂತು ಓದಿಸುವ ಅಪ್ಪ ನೀವು, ಅದಕ್ಕೆ ಶಾಬಾಸ್. ಸರಿಯಾದ ಪದ ಗೊತ್ತಿದ್ದರೆ ಹತ್ತು ಮಾತಿನ ಕೆಲಸ ಒಂದರಲ್ಲಿ ಮುಗಿಯುತ್ತದೆ, ಅದನ್ನೂ ಒಪ್ಪಿದೆ. ಆದರೆ ಬಾಯಿಪಾಠ ಯಾಕೆ? ಬರೆದವನ ಭಾಷೆ, ರೂಪ, ರಚನೆಯಿಂದ ಏನು ಅರ್ಥ ಹುಟ್ಟಿತು, ಏನು ಪರಿಣಾಮ ಆಯಿತು ಅಂತ ಕೇಳುವ ಪರೀಕ್ಷೆ ಅದು. ಈ ಪದಗಳನ್ನು 'ಸೂಕ್ತವಾದ ಕಡೆ' ಬಳಸಿ ಅಂತಲೇ ಅದರ ನಿಯಮ ಹೇಳುತ್ತದೆ. ಕಂಡಕಂಡಲ್ಲಿ ಅಲ್ಲ.

ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನೇ ನೋಡಿ. ಮೊದಲ ದೃಶ್ಯದಲ್ಲಿ ಮಾಟಗಾತಿಯರು 'ಚಂದವೇ ಕೆಟ್ಟದ್ದು, ಕೆಟ್ಟದ್ದೇ ಚಂದ' ಅಂದು ಹೋಗುತ್ತಾರೆ. ಮಕ್ಕಳು ಅಂಚಿನಲ್ಲಿ 'ಪ್ಯಾರಡಾಕ್ಸ್' (ವಿರೋಧಾಭಾಸ) ಅಂತ ಗೀಚಿ ಪುಟ ತಿರುಗಿಸುತ್ತಾರೆ. ಮೂರನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ಬರುತ್ತಾನೆ. ಅವನ ಮೊಟ್ಟಮೊದಲ ಮಾತೇ 'ಇಷ್ಟು ಕೆಟ್ಟ, ಇಷ್ಟು ಚಂದದ ದಿನ ನಾನು ಕಂಡಿಲ್ಲ' ಅಂತ! ಆ ಹೆಂಗಸರನ್ನು ಅವನಿನ್ನೂ ನೋಡಿಯೇ ಇಲ್ಲ. ಅವರ ಮಾತು ಇವನ ಬಾಯಿಗೆ ಹೇಗೆ ಬಂತು? ಈ ಪ್ರಶ್ನೆ ತಲೆಗೆ ಹೊಕ್ಕ ಹುಡುಗಿ ಪಟ್ಟಿಯನ್ನು ತಾನೇ ಹುಡುಕಿಕೊಂಡು ಹೋಗುತ್ತಾಳೆ.

ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಅಂತ ಮೇಷ್ಟ್ರಿದ್ದರು. ಕವಿಯ ಹೆಸರು ಹೇಳದೆ ವಿದ್ಯಾರ್ಥಿಗಳಿಗೆ ಪದ್ಯ ಹಂಚಿ, ಏನನ್ನಿಸಿತು ಬರೆದು ಕೊಡಿ ಅನ್ನುತ್ತಿದ್ದರು. 1929ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಚೆನ್ನಾಗಿ ಓದಿಕೊಂಡ ಹುಡುಗರಲ್ಲೂ ಎಷ್ಟೋ ಮಂದಿಗೆ ಪದ್ಯದ ನೇರ ಅರ್ಥವೇ ಸಿಕ್ಕಿರಲಿಲ್ಲ. ಅವರಿಗೇನು ಸಾಹಿತ್ಯದ ಪದಗಳ ಬರ ಇತ್ತೇ?

ಇಂಗ್ಲಿಷಿನವರನ್ನು ಯಾಕೆ ಆಡಿಕೊಳ್ಳಲಿ, ನಮ್ಮಲ್ಲೇನು ಕಡಿಮೆ? ಛಂದಸ್ಸಿನ ಗಣಗಳಿಗಾಗಿ 'ಯಮಾತಾರಾಜಭಾನಸಲಗಂ' ಅಂತ ಉರು ಹೊಡೆದು, ಲಘು-ಗುರು ಗುರುತಿಸಿ ಪ್ರಸ್ತಾರ ಹಾಕಿ, ಅಂಕ ತೆಗೆದುಕೊಂಡವರು ನಾವು. ಒಂದು ಕಂದಪದ್ಯವನ್ನು ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ಕೇಳದೆಯೇ ಶಾಲೆ ಮುಗಿಸಿದವರು ಎಷ್ಟಿಲ್ಲ! ಹಾಗೆ ಕಲಿತವರೇ ಈಗ ನಮಗೆ ಪುಸ್ತಕ ವಿಮರ್ಶೆ ಕಳಿಸುತ್ತಾರೆ. ಮೊನ್ನೆ ಒಂದು ಬಂತು. ಪ್ಯಾರಾಗೊಂದು 'ಪ್ರತಿಮೆ', ಸಾಲಿಗೊಂದು 'ಸಂವೇದನೆ'. ಕಾದಂಬರಿಯಲ್ಲಿ ಯಾರು ಯಾರನ್ನು ಮದುವೆಯಾದರು ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ವಾಪಸ್ ಕಳಿಸಿದ್ದೇನೆ.