ಒಂದನೇ ಕ್ಲಾಸು ಆಮೇಲೆ, ಮೊದಲು ಕಿವಿ ತೋರಿಸಿ

ಮಗುವನ್ನು ಈ ವರ್ಷ ಒಂದನೇ ಕ್ಲಾಸಿಗೆ ಹಾಕಲೋ, ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಿಸಲೋ ಅಂತ ಕೇಳುವ ಪತ್ರಗಳು ಏಪ್ರಿಲ್ ಬಂತೆಂದರೆ ಶುರು. ಹೆಚ್ಚಿನವಕ್ಕೆ ಎರಡು ಸಾಲಿನ ಉತ್ತರ ಸಾಕು. ಹುಣಸೂರು ಕಡೆಯ ಒಬ್ಬ ತಾಯಿ ಬರೆದ ಪತ್ರ ಮಾತ್ರ ಹಾಗಿಲ್ಲ. ನಾಲ್ಕು ಪುಟ ಇದೆ. ಅದರಲ್ಲಿ ಮೂರೂವರೆ ಪುಟ ಮನೆಯವರ ಜಗಳ, ಉಳಿದ ಅರ್ಧ ಪುಟ ಮಗು. ಆ ಅರ್ಧ ಪುಟ ಓದಿ ನನಗೆ ಸಿಟ್ಟೂ ಬಂತು, ಗಾಬರಿಯೂ ಆಯಿತು.

ವಿಷಯ ಇಷ್ಟು. ಹುಡುಗನಿಗೆ ಈ ಜೂನ್ 1ಕ್ಕೆ ಆರು ವರ್ಷ ತುಂಬಿ ಎಂಟು ದಿನ ಆಗುತ್ತದೆ. ಯುಕೆಜಿ ಮುಗಿದಿದೆ. ಕ್ಲಾಸಿನಲ್ಲಿ ಹೇಳಿದ್ದನ್ನು ಬರೆಯುವುದಿಲ್ಲ. ಡಿಕ್ಟೇಶನ್ ಕೊಟ್ಟರೆ ಪಕ್ಕದವನ ಪುಸ್ತಕ ನೋಡುತ್ತಾನೆ, ರೈಮ್ಸ್ ಹೇಳಿಸಿದರೆ ಬರೀ ಬಾಯಿ ಆಡಿಸುತ್ತಾನೆ. 'ಇನ್ನೂ ಮೆಚ್ಯೂರಿಟಿ ಬಂದಿಲ್ಲ, ಯುಕೆಜಿ ರಿಪೀಟ್ ಮಾಡಿಸಿ' ಅಂತ ಮಿಸ್ ಹೇಳಿದ್ದಾರೆ. ತಾಯಿಗೂ ಅದೇ ಸರಿ ಅನಿಸಿದೆ. ಗಂಡ ಮಾತ್ರ 'ಒಂದು ವರ್ಷ ವೇಸ್ಟ್' ಅಂತ ಪಟ್ಟು ಹಿಡಿದಿದ್ದಾರೆ. ಮೈಸೂರಿನಲ್ಲಿರುವ ನಾದಿನಿಯ ಮಗಳು ಇವನಿಗಿಂತ ನಾಲ್ಕು ತಿಂಗಳು ದೊಡ್ಡವಳು. 'ಅವಳು ಒಂದನೇ ಕ್ಲಾಸು, ಇವನು ಇನ್ನೂ ಯುಕೆಜಿ ಅಂದ್ರೆ ಜನ ಏನಂತಾರೆ' ಅನ್ನುವುದು ನಾದಿನಿಯ ಚಿಂತೆ. ಇದೆಲ್ಲದಕ್ಕೂ ಮೂಲ ಕಾರಣ ಅತ್ತೆಯಂತೆ, ಮುದ್ದು ಮಾಡಿ ಮೊಮ್ಮಗನನ್ನು ಕೆಡಿಸಿಟ್ಟಿದ್ದಾರಂತೆ.

ಈಗ ನಿಮ್ಮ ಪತ್ರದ್ದೇ ನಾಲ್ಕು ಸಾಲು ನಿಮಗೆ ವಾಪಸ್ ಓದಿ ಹೇಳುತ್ತೇನೆ. "ಕೂಗಿದರೆ ತಿರುಗಿಯೂ ನೋಡಲ್ಲ, ಅಷ್ಟು ಹಠ. ನನ್ನ ಮಾತೂ ಕೇಳಲ್ಲ, ಅವರಪ್ಪನ ಮಾತೂ ಕೇಳಲ್ಲ. ಅಜ್ಜಿ ಹೇಳಿದರೆ ಮಾತ್ರ ಕೇಳ್ತಾನೆ. ಅವರದು ಬೀದಿಗೆಲ್ಲ ಕೇಳಿಸುವಂಥ ಗಂಟಲು, ಅಕ್ಕಪಕ್ಕದವರ ಮುಂದೆ ನಮಗೇ ನಾಚಿಕೆ ಆಗತ್ತೆ."

ಇದನ್ನು ನೀವು ಅತ್ತೆಯ ಮೇಲಿನ ದೂರು ಅಂತ ಬರೆದಿದ್ದೀರಿ. ಇನ್ನೊಂದು ಕಡೆ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲುತ್ತಾನೆ, ಎಷ್ಟು ಬೈದರೂ ಹಿಂದೆ ಬರಲ್ಲ ಅಂತಿದೆ. ಮತ್ತೊಂದು ಕಡೆ, ವರ್ಷವಿಡೀ ಶೀತ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾ ಮಲಗುತ್ತಾನೆ ಅಂತಿದೆ. ಉದ್ದ ಇದ್ದಾನೆ ಅಂತ ಕ್ಲಾಸಲ್ಲಿ ಕೊನೆ ಬೆಂಚು ಕೊಟ್ಟಿದ್ದಾರೆ ಅನ್ನುವುದು ಪತ್ರದ ಕೊನೆಗೆ, ಸಹಿ ಹಾಕುವ ಮುಂಚೆ, ಸುಮ್ನೆ ಹಾಗೇ ಬಂದು ಹೋಗಿದೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ಓದಿ. ನಿಮ್ಮ ಮಗ ಹಠಮಾರಿ ಅಂತ ನನಗಂತೂ ಅನಿಸುತ್ತಿಲ್ಲ. ಅವನಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲವೇನೋ ಅಂತ ನನಗೆ ಬಲವಾದ ಅನುಮಾನ. ನಾನು ಡಾಕ್ಟರಲ್ಲ, ಪತ್ರ ಓದಿ ಕಾಯಿಲೆ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಅಜ್ಜಿಯ ದೊಡ್ಡ ಗಂಟಲಿಗೆ ಮಾತ್ರ ಓಗೊಡುವ ಹುಡುಗನ ಕಿವಿಯನ್ನು ಇಷ್ಟು ದಿನದಲ್ಲಿ ಒಬ್ಬರೂ ಪರೀಕ್ಷೆ ಮಾಡಿಸಿಲ್ಲ ಅಂದರೆ, ಯುಕೆಜಿಯೋ ಒಂದನೇ ಕ್ಲಾಸೋ ಅನ್ನುವ ಚರ್ಚೆಯನ್ನೇ ನೀವು ಎತ್ತುವ ಹಾಗಿಲ್ಲ.

ಪೂರ್ತಿ ಕಿವುಡು ಅಂತ ಹೆದರಬೇಡಿ. ಈ ವಯಸ್ಸಿನ ಮಕ್ಕಳಲ್ಲಿ ತುಂಬಾ ಸಾಮಾನ್ಯವಾದ ಒಂದು ತೊಂದರೆ ಇದೆ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳ ಹೋಗುತ್ತದೆ. ಮಕ್ಕಳಲ್ಲಿ ಅದು ಕಿರಿದು, ಜೊತೆಗೆ ದೊಡ್ಡವರಲ್ಲಿ ಇರುವಷ್ಟು ಇಳಿಜಾರೂ ಇರುವುದಿಲ್ಲ. ಪದೇಪದೇ ಶೀತವಾದರೆ, ಅಥವಾ ಮೂಗಿನ ಹಿಂದೆ ಇರುವ ಅಡಿನಾಯ್ಡ್ ಅನ್ನುವ ಗ್ರಂಥಿ ಊದಿಕೊಂಡಿದ್ದರೆ, ಆ ನಾಳ ಕಟ್ಟಿಕೊಂಡು ಕಿವಿಯ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಹೆಚ್ಚಾಗಿ ನೋವಿರುವುದಿಲ್ಲ, ಕಿವಿ ಸೋರುವುದೂ ಇಲ್ಲ. ಹಾಗಾಗಿ ಮಗು ಏನೂ ಹೇಳುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಮಾತು ದೂರದಿಂದ, ಮಂಕಾಗಿ ಕೇಳಿಸುತ್ತದೆ. ಒಂದು ವಾರ ಪರವಾಗಿಲ್ಲ ಅನ್ನುವಷ್ಟು ಕೇಳಿಸಿ, ಮುಂದಿನ ವಾರ ಶೀತ ಬಂದರೆ ಮತ್ತೆ ಮಂಕು. ಈ ಏರಿಳಿತದಿಂದಲೇ ಮನೆಯವರು ಮೋಸ ಹೋಗುವುದು. 'ನಿನ್ನೆ ಕೂಗಿದ ತಕ್ಷಣ ಬಂದ, ಇವತ್ತು ನಾಟಕ ಆಡ್ತಿದ್ದಾನೆ' ಅನಿಸಿಬಿಡುತ್ತದೆ.

ನಿಮ್ಮ ಯಜಮಾನರಿಗೆ ಒಂದು ಕೆಲಸ ಹೇಳಿ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮನೆಯ ಹಜಾರದ ಕೊನೆಯಲ್ಲಿ ಕೂರಲಿ. ನೀವು ಇನ್ನೊಂದು ತುದಿಯಲ್ಲಿ, ಗೋಡೆ ಕಡೆ ಮುಖ ಮಾಡಿಕೊಂಡು, ಫ್ಯಾನ್ ಹಾಕಿ, ಮೂವತ್ತು ಮಕ್ಕಳು ಗಲಾಟೆ ಮಾಡುತ್ತಿದ್ದಾರೆ ಅಂದುಕೊಂಡು ಇಂಗ್ಲಿಷ್ ಡಿಕ್ಟೇಶನ್ ಕೊಡಿ. ಮಿಸ್ ಬೋರ್ಡಿಗೆ ಮುಖ ಮಾಡಿಕೊಂಡು ಮಾತಾಡುವಾಗ ಮಗುವಿಗೆ ತುಟಿ ಕೂಡ ಕಾಣಿಸುವುದಿಲ್ಲ, ಅಲ್ವಾ? ಅಂಥ ಜಾಗದಲ್ಲಿ ಕೂತ ನಿಮ್ಮ ಹುಡುಗ ಪಕ್ಕದವನ ಪುಸ್ತಕ ನೋಡಿ ಬರೆದಿದ್ದಾನೆ, ಬೇರೆಯವರ ಬಾಯಿ ನೋಡಿ ರೈಮ್ಸಿಗೆ ತನ್ನ ಬಾಯಿ ಆಡಿಸಿದ್ದಾನೆ. ನನ್ನ ಅನುಮಾನ ನಿಜವಾಗಿದ್ದರೆ, ಆರು ತುಂಬದ ಹುಡುಗ ಒಂದಿಡೀ ವರ್ಷ ಯಾರಿಗೂ ಗೊತ್ತಾಗದ ಹಾಗೆ ಸಂಭಾಳಿಸಿದ್ದಾನೆ. ಅವನಿಗೆ ಮೆಚ್ಯೂರಿಟಿ ಇಲ್ಲವಂತೆ!

ಅತ್ತೆಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಆ ಮನೆಯಲ್ಲಿ ಮಗುವಿಗೆ ಅರ್ಥವಾಗುವ ಹಾಗೆ ಮಾತಾಡುತ್ತಿರುವವರು ಅವರೊಬ್ಬರೇ. ಎದುರಿಗೆ ಬಂದು, ಭುಜ ಮುಟ್ಟಿ, ಜೋರಾಗಿ ಹೇಳುತ್ತಾರೆ ಅಂತ ನೀವೇ ಬರೆದಿದ್ದೀರಿ. ಅದನ್ನು ಮುದ್ದು ಅಂತ ಕರೆದಿರಿ. ಈ ಅಂಕಣ ಓದುವವರಿಗೆ ನನ್ನ ಹಳೇ ರಗಳೆ ಗೊತ್ತಿದೆ: ಮನೆಯ ಹಿರಿಯರು ಕಾರಣ ಹೇಳಲಾರರು, ಆದರೆ ಮಗುವಿನ ತೊಂದರೆಗೆ ಮೊದಲು ಹೊಂದಿಕೊಳ್ಳುವವರು ಅವರೇ. ಇವತ್ತು ಸಂಜೆ ಅವರ ಪಕ್ಕ ಕೂತು 'ಇವನಿಗೆ ಯಾವಾಗಿಂದ ಹೀಗೆ ಜೋರಾಗಿ ಹೇಳ್ಬೇಕಾಯ್ತು ಅತ್ತೆ?' ಅಂತ ಕೇಳಿ ನೋಡಿ. ಅವರ ಉತ್ತರ ಡಾಕ್ಟರಿಗೆ ಬೇಕಾಗುತ್ತದೆ.

ಇನ್ನು ಮಿಸ್. ಅವರ ಮೇಲೆ ನನಗೆ ಕನಿಕರ ಇಲ್ಲ. ಮೂವತ್ತು ಮಕ್ಕಳನ್ನು ಸಂಭಾಳಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಹೇಳಿದ್ದು ಬರೆಯದ ಮಗುವನ್ನು ಹತ್ತು ತಿಂಗಳಲ್ಲಿ ಒಂದೇ ಒಂದು ದಿನ ಮುಂದಿನ ಬೆಂಚಿಗೆ ಕರೆದು ಕೂರಿಸಿ ನೋಡುವುದಕ್ಕೆ ಬಿ.ಎಡ್ ಬೇಕಿಲ್ಲ. ಅದರ ಬದಲು ಮೆಚ್ಯೂರಿಟಿ ಅನ್ನುವ ಷರಾ ಬರೆದು ಇನ್ನೊಂದು ವರ್ಷ ಅಂತ ಹೇಳಿ ಕೈ ತೊಳೆದುಕೊಂಡರು. ಇನ್ನೊಂದು ವರ್ಷ ಅಂದರೆ ಇನ್ನೊಂದು ವರ್ಷದ ಫೀಸು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ.

ನೀವು ಕೇಳಿದ್ದು ವಯಸ್ಸಿನ ಬಗ್ಗೆ, ಅದನ್ನೂ ಹೇಳುತ್ತೇನೆ. ನಮ್ಮಲ್ಲಿ ಇದು ವರ್ಷಗಳಿಂದ ಗೊಂದಲದ ಗೂಡು. ಜೂನ್ 1ಕ್ಕೆ ಆರು ತುಂಬಿರಬೇಕು ಅಂತ ಸರ್ಕಾರ 2022ರ ಜುಲೈನಲ್ಲಿ ಆದೇಶ ಹೊರಡಿಸಿತು. ಪೋಷಕರು ಗಲಾಟೆ ಮಾಡಿದ ಮೇಲೆ ಜಾರಿಯನ್ನು 2025-26ಕ್ಕೆ ಮುಂದೂಡಿದರು. ಆ ವರ್ಷ ಬಂದಾಗ ಮತ್ತೆ ಒತ್ತಾಯ. ಯುಕೆಜಿ ಮುಗಿಸಿದ್ದರೆ 5 ವರ್ಷ 5 ತಿಂಗಳಾದವರನ್ನೂ ಸೇರಿಸಬಹುದು, ಆದರೆ ಆ ಒಂದು ಸಾಲಿಗೆ ಮಾತ್ರ ಅಂತ ಸಚಿವ ಮಧು ಬಂಗಾರಪ್ಪ ಸಡಿಲಿಕೆ ಕೊಟ್ಟರು. ನಿಮ್ಮ ಮಗನಿಗೆ ಜೂನ್ 1ರೊಳಗೆ ಆರು ತುಂಬುವುದರಿಂದ ಈ ಯಾವ ತಲೆನೋವೂ ಇಲ್ಲ. ಒಂದನೇ ಕ್ಲಾಸಿಗೆ ಗರಿಷ್ಠ ವಯಸ್ಸು 8 ಅಂತ ಇಟ್ಟಿರುವುದರಿಂದ ಮುಂದಿನ ವರ್ಷ ಸೇರಿಸಿದರೂ ಅವನು ಏಳು ವರ್ಷದವನು, ಬಾಗಿಲು ಮುಚ್ಚುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ನಿಮಗೆ ಎರಡೂ ದಾರಿ ತೆರೆದಿದೆ.

ಎಂಟು ದಿನದ ಲೆಕ್ಕಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವ ನಾವೇ, ಒಂದು ಕಾಲದಲ್ಲಿ ಹುಟ್ಟಿದ ದಿನವನ್ನು ಮೇಷ್ಟ್ರ ಕೈಗೆ ಬಿಟ್ಟಿದ್ದೆವು. ನಿಮ್ಮ ಮಾವನವರ ಆಧಾರ್ ತೆಗೆದು ನೋಡಿ, ಜೂನ್ 1 ಅಂತಿದ್ದರೂ ಇರಬಹುದು. ನಮ್ಮ ಕಡೆ ಅರ್ಧ ಊರಿನ ಹಿರಿಯರು ಹುಟ್ಟಿದ್ದೇ ಅವತ್ತು! ಬಲಗೈಯನ್ನು ತಲೆ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಸ್ಕೂಲಿಗೆ ಸೇರಿಸಿಕೊಳ್ಳುತ್ತಿದ್ದರು. ಆ ಮೇಷ್ಟ್ರು ಕಿವಿವರೆಗಾದರೂ ಹೋಗಿದ್ದರು.

'ವರ್ಷ ವೇಸ್ಟ್' ಅನ್ನುವ ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪಲ್ಲ, ಯಾವತ್ತೂ ಒಪ್ಪಿಲ್ಲ. ಎಸ್ಸೆಸ್ಸೆಲ್ಸಿಯನ್ನು ಹದಿನಾರಕ್ಕೆ ಬರೆದರೋ ಹದಿನೇಳಕ್ಕೆ ಬರೆದರೋ ಅಂತ ಮುಂದೆ ಯಾರೂ ಕೇಳುವುದಿಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ಕ್ಲಾಸಿಗೆ ಹೋಗುವುದೇ ಏಳನೇ ವರ್ಷಕ್ಕೆ. ನಿಮ್ಮ ಹುಡುಗ ಈಗ ಸೇರಿದರೆ ಕ್ಲಾಸಿಗೇ ಚಿಕ್ಕವರ ಸಾಲಿನಲ್ಲಿ ಇರುತ್ತಾನೆ ಅನ್ನುವುದು ನಿಜ, ಅದು ಸಣ್ಣ ವಿಷಯವೂ ಅಲ್ಲ. ಕ್ಲಾಸಿನಲ್ಲಿ ಅತಿ ಚಿಕ್ಕವರಾದ ಮಕ್ಕಳಿಗೆ ಗಮನ ಕೊಡಲಾಗದ ಕಾಯಿಲೆ ಇದೆ ಅಂತ ಹೇಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ ಅಂತ ಕೆನಡಾದಲ್ಲೂ ತೈವಾನಿನಲ್ಲೂ ನಡೆದ ದೊಡ್ಡ ಅಧ್ಯಯನಗಳು ತೋರಿಸಿವೆ. ಹನ್ನೊಂದು ತಿಂಗಳು ದೊಡ್ಡವನ ಪಕ್ಕ ಕೂರಿಸಿ ಹೋಲಿಸಿದರೆ ಇನ್ನೇನಾಗುತ್ತದೆ?

ಹಾಗಾಗಿ ಒಂದು ವರ್ಷ ನಿಲ್ಲಿಸುವುದಕ್ಕೆ ನಾನು ವಿರೋಧಿ ಅಲ್ಲ. ಆದರೆ ಯಾಕೆ ನಿಲ್ಲಿಸುತ್ತಿದ್ದೇವೆ ಅಂತ ಗೊತ್ತಿರಬೇಕು. ಕೇಳಿಸದ ಮಗುವಿಗೆ ಇನ್ನೊಂದು ವರ್ಷ ಕೊಟ್ಟರೆ, ಅದೇ ಕೊನೆ ಬೆಂಚಿನಲ್ಲಿ ಇನ್ನೊಂದು ವರ್ಷ ಕೇಳಿಸದೆ ಕೂರುತ್ತದೆ. ಮುಂದಿನ ಏಪ್ರಿಲ್‌ಗೆ ನೀವು ಇದೇ ಪತ್ರ ಬರೆಯುತ್ತೀರಿ. ಆಗ ಮೆಚ್ಯೂರಿಟಿ ಜಾಗದಲ್ಲಿ 'ದಡ್ಡ' ಅಂತ ಇರುತ್ತದೆ.

ಆದ್ದರಿಂದ ನಿಮಗೆ ಒಂದೇ ಕೆಲಸ. ಅಡ್ಮಿಶನ್ ಫಾರಂ ಮುಚ್ಚಿಟ್ಟು ಈ ವಾರವೇ ಮಗನ ಕಿವಿ ಪರೀಕ್ಷೆ ಮಾಡಿಸಿ. ನೀವಿರುವುದು ಮೈಸೂರಿನ ಪಕ್ಕ. ಕಿವಿ ಮತ್ತು ಮಾತಿನ ತೊಂದರೆಗೆ ಬೇರೆ ಬೇರೆ ರಾಜ್ಯದವರು ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾನಸಗಂಗೋತ್ರಿಯಲ್ಲಿದೆ, ಕೇಂದ್ರ ಸರ್ಕಾರದ್ದು. ಬೆಳಿಗ್ಗೆ ಬೇಗ ಬಸ್ಸು ಹತ್ತಿ. ಮೈಸೂರು ದೂರವಾದವರು ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ತೋರಿಸಬಹುದು. ಅಂಗನವಾಡಿ ಮತ್ತು ಸರ್ಕಾರಿ ಶಾಲೆ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, ಅವರು ನೋಡುವ ಪಟ್ಟಿಯಲ್ಲಿ ಕಿವಿಯೂ ಇದೆ. ನಿಮ್ಮಂತೆ ಖಾಸಗಿ ಶಾಲೆಗೆ ಕಳಿಸುವವರು ಇದನ್ನೆಲ್ಲ ತಾವೇ ಓಡಾಡಿ ಮಾಡಿಸಬೇಕಾಗುತ್ತದೆ.

ಪರೀಕ್ಷೆಗೆ ಹುಡುಗ ಹೆದರುವಂಥದ್ದು ಏನೂ ಇಲ್ಲ. ಲೈಟ್ ಬಿಟ್ಟು ಕಿವಿಯೊಳಗೆ ನೋಡುತ್ತಾರೆ. ಕಿವಿಗೆ ಒಂದು ಸಣ್ಣ ರಬ್ಬರ್ ತುದಿ ಇಟ್ಟು ಒಳಗಿನ ಒತ್ತಡ ಅಳೆಯುತ್ತಾರೆ, ನೀರು ನಿಂತಿದ್ದರೆ ಅದರಲ್ಲಿ ಸುಳಿವು ಸಿಗುತ್ತದೆ. ಆಮೇಲೆ ಸದ್ದು ಕೇಳಿಸಿದಾಗಲೆಲ್ಲ ಡಬ್ಬಿಗೆ ಒಂದು ಮಣಿಯೋ ಬ್ಲಾಕೋ ಹಾಕು ಅಂತ ಆಟ ಆಡಿಸುತ್ತಾ ಎಷ್ಟು ಕೇಳಿಸುತ್ತದೆ ಅಂತ ಕಂಡುಹಿಡಿಯುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬೇಡಿ. ಅತ್ತೆ ಹೇಳಿದರೂ ಬೇಡ, ಈ ಒಂದು ವಿಷಯದಲ್ಲಿ ನಾನು ಅವರ ಪಕ್ಷ ಅಲ್ಲ.

ನೀರು ನಿಂತಿದೆ ಅಂತ ಬಂದರೆ, ಬಹಳಷ್ಟು ಮಕ್ಕಳಲ್ಲಿ ಅದು ಸುಮಾರು ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಏನು ಮಾಡಬೇಕು, ಅಡಿನಾಯ್ಡ್ ನೋಡಬೇಕಾ, ಅದನ್ನು ಡಾಕ್ಟರು ಹೇಳುತ್ತಾರೆ. ಹಾಗಿದ್ದ ಪಕ್ಷದಲ್ಲಿ ನಾನಾದರೆ ಮಗನನ್ನು ಈ ಜೂನಿನಲ್ಲೇ ಒಂದನೇ ಕ್ಲಾಸಿಗೆ ಕಳಿಸುತ್ತೇನೆ, ಮುಂದಿನ ಬೆಂಚು ಕೊಡುತ್ತೇವೆ ಅಂತ ಶಾಲೆಯವರು ಒಪ್ಪಿದರೆ. ಕಿವಿ ಚೆನ್ನಾಗಿದೆ ಅಂತ ಬಂದರೆ ಧಾರಾಳವಾಗಿ ಒಂದು ವರ್ಷ ನಿಲ್ಲಿಸಿ, ಆದರೆ ಅದೇ ಮಿಸ್ಸಿನ ಕ್ಲಾಸಿನಲ್ಲಿ ಅದೇ ಪಾಠ ಮತ್ತೆ ಬೇಡ. ಡಾಕ್ಟರು ಬೇರೆಯದೇನೋ ಕಾರಣ ಹೇಳಿದರೆ ಅವರು ಹೇಳಿದಂತೆ ನಡೆಯಿರಿ.

ಒಂದು ವಾರ ಅವನಿಗೆ ಬೆನ್ನ ಹಿಂದಿನಿಂದ ಕೂಗುವುದನ್ನು ಎಲ್ಲರೂ ನಿಲ್ಲಿಸಿ. ಹತ್ತಿರ ಹೋಗಿ, ಮುಖ ನೋಡಿ ಮಾತಾಡಿ, ಅಜ್ಜಿ ಮಾಡುವ ಹಾಗೆ. ನಾದಿನಿ ಫೋನ್ ಮಾಡಿ ಸೀಟಿನ ವಿಷಯ ಕೇಳಿದರೆ 'ಇನ್ನೂ ನೋಡ್ತಾ ಇದ್ದೀವಿ' ಅಂದುಬಿಡಿ. ರಿಪೋರ್ಟ್ ಬಂದ ಮೇಲೆ ಅದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ.