ಬೆಲೆ ಬಿದ್ದ ವರ್ಷವೂ ಕೊಡಬಲ್ಲಿರಾ?

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರ ಪತ್ರ: ‘ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂತು. ಈ ಸಲ ಕಾಫಿಗೆ ಒಳ್ಳೆ ಬೆಲೆ ಸಿಕ್ಕಿದೆ. ಅವರ ಹೆಸರಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ಕೊಡೋಣ ಅಂತ ಮೂವರು ಮಕ್ಕಳೂ ಒಪ್ಪಿದ್ದೇವೆ. ಆದರೆ ಅಣ್ಣನಿಗೆ ಆಂಬುಲೆನ್ಸ್ ಆಸೆ, ಕೆನಡಾದಲ್ಲಿರುವ ತಂಗಿಗೆ ಆದಿವಾಸಿ ಹಾಡಿಯ ಮಕ್ಕಳ ಓದು, ನನಗೆ ಊರ ದೇವಸ್ಥಾನ. ಒಂದು ಟ್ರಸ್ಟ್ ಮಾಡಿಬಿಡೋಣವೇ?’

ಟ್ರಸ್ಟ್ ಮಾತು ಸದ್ಯಕ್ಕೆ ಬಿಡಿ. ಜಗಳ ಬಗೆಹರಿಯದೆ ಟ್ರಸ್ಟ್ ಮಾಡಿದರೆ ಜಗಳಕ್ಕೂ ನೋಂದಣಿ ಆಗುತ್ತದೆ, ಅಷ್ಟೇ.

ನನ್ನದೇ ಒಂದು ದಡ್ಡತನ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಜೀಪಿನ ತುಂಬ ಬಟ್ಟೆ ತುಂಬಿಕೊಂಡು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಆಗಲೇ ಬಟ್ಟೆ ಆಳೆತ್ತರ ಬಿದ್ದಿತ್ತು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೇಳಿದ್ದು ಬಿಪಿ ಮಾತ್ರೆ. ನನ್ನ ಹತ್ತಿರ ಒಂದೂ ಇರಲಿಲ್ಲ.

ಅಣ್ಣನವರ ಆಂಬುಲೆನ್ಸ್‌ಗೂ ಇದೇ ಮಾತು. ಗಾಡಿ ಒಂದು ಸಲದ ಖರ್ಚು. ಡ್ರೈವರ್ ಸಂಬಳ, ಡೀಸೆಲ್, ಇನ್ಶೂರೆನ್ಸ್, ಟೈರು ಪ್ರತಿ ವರ್ಷದ್ದು. ಅದನ್ನು ಯಾರು ಕೊಡುತ್ತಾರೆ? ಈಗಾಗಲೇ ಓಡುತ್ತಿರುವ ಗಾಡಿಯೊಂದರ ಡೀಸೆಲ್ ಖರ್ಚು ಹೊತ್ತರೆ ಜಾಸ್ತಿ ಉಪಯೋಗ. ರೋಗಿಯನ್ನು ಮೈಸೂರಿಗೆ ಒಯ್ಯಬೇಕಾದರೆ ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್, ಅಲ್ವಾ?

ದೇವಸ್ಥಾನಕ್ಕೆ ಹಬ್ಬದ ದಿನ ಕೈಲಾದಷ್ಟು ಹಾಕಿ. ಬೇಸರ ಮಾಡಿಕೊಳ್ಳಬೇಡಿ, ಅದಕ್ಕೆ ಕೊಡುವವರು ಊರಲ್ಲಿ ಇದ್ದೇ ಇದ್ದಾರೆ.

ನನ್ನ ಮತ ತಂಗಿಯವರ ಕಡೆಗೆ. ಆದರೆ ಆಗಸ್ಟ್ 15ಕ್ಕೆ ಬ್ಯಾಗು ಹಂಚಿ ಫೋಟೊ ತೆಗೆಸಿಕೊಳ್ಳುವ ಲೆಕ್ಕಕ್ಕಲ್ಲ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಹೇಗೂ ಸಿಗುತ್ತದೆ. ಕಷ್ಟ ಶುರುವಾಗುವುದು ಕಾಫಿ ಕುಯ್ಲಿನಲ್ಲಿ. ಅಪ್ಪ ಅಮ್ಮ ತೋಟದಲ್ಲಿ ಕೂಲಿಯವರಿಗಿರುವ ಲೈನ್ ಮನೆಗೆ ಹೋದರೆ ಮಕ್ಕಳೂ ಹಿಂದೆಯೇ ಹೋಗುತ್ತವೆ. ದೊಡ್ಡ ಹುಡುಗಿ ತಮ್ಮನನ್ನು ನೋಡಿಕೊಳ್ಳುತ್ತಾ ಮನೆಯಲ್ಲಿ ಉಳಿಯುತ್ತಾಳೆ. ತೋಟ ಬಿಟ್ಟು ಬರುವಷ್ಟರಲ್ಲಿ ಪರೀಕ್ಷೆ ತಲೆ ಮೇಲೆ. ಆ ಮೂರು ತಿಂಗಳು ತೋಟದಿಂದ ಶಾಲೆಗೆ ಜೀಪು, ಸಂಜೆ ಪಾಠ ಹೇಳುವವರಿಗೆ ಸಂಬಳ, ಹಾಸ್ಟೆಲ್ ಅರ್ಜಿಗೆ ಬೇಕಾದ ಜಾತಿ ಪ್ರಮಾಣಪತ್ರಕ್ಕೆ ಓಡಾಡುವ ಒಬ್ಬರು. ಇಂಥದ್ದಕ್ಕೆ ದುಡ್ಡು ಕೊಡುವವರು ಕಡಿಮೆ, ಯಾಕೆಂದರೆ ಇದರ ಮೇಲೆ ಹೆಸರಿನ ಬೋರ್ಡು ಹಾಕಲು ಆಗುವುದಿಲ್ಲ.

ಇನ್ನೊಂದು ಮಾತು. 5ನೇ ಕ್ಲಾಸಿನ ಮಗುವಿಗೆ ಕೈ ಹಿಡಿದರೆ ಪಿಯುಸಿ ಮುಗಿಯಲು 8 ವರ್ಷ. ಅಷ್ಟರಲ್ಲಿ ಕಾಫಿ ಬೆಲೆ ಎಷ್ಟು ಸಲ ಬೀಳುತ್ತದೋ, ಮಳೆ ಎಷ್ಟು ಸಲ ಕಾಯಿ ಉದುರಿಸುತ್ತದೋ! ಹಾಗಾಗಿ 5 ಲಕ್ಷ ಪೂರ್ತಿ ಖರ್ಚು ಮಾಡಬೇಡಿ. ಎರಡೂವರೆ ಲಕ್ಷದ ಕೆಲಸ ಹಿಡಿಯಿರಿ, ಉಳಿದದ್ದನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ಬೆಲೆ ಬಿದ್ದ ವರ್ಷ ಆ ದುಡ್ಡಿನಿಂದಲೇ ಜೀಪು ಓಡಲಿ. ಅರ್ಧದಲ್ಲಿ ಬಿಡುವುದಕ್ಕಿಂತ ಕಡಿಮೆ ಮಕ್ಕಳನ್ನು ಹಿಡಿಯುವುದು ವಾಸಿ.

ಕೊಡುವುದು ಸಂಸ್ಥೆಯ ಮೂಲಕವಾದರೆ ರಸೀದಿ ಪಡೆಯಿರಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೆ ಕೊಟ್ಟರೂ ಇಲ್ಲ. ತಂಗಿಯವರದು ಇನ್ನೂ ಭಾರತದ ಪಾಸ್‌ಪೋರ್ಟ್ ಆದರೆ, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಕೆನಡಾ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು.

ಜಗಳದ ವಿಷಯ. ಕೊಡವ ಮನೆತನಗಳು ಆಡುವ ಕೌಟುಂಬಿಕ ಹಾಕಿ ಟೂರ್ನಿ ನಿಮಗೆ ಗೊತ್ತೇ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಆಡುವವರು ನೂರಾರು ಒಕ್ಕದವರು (ಮನೆತನದವರು), ಆದರೆ ಆ ವರ್ಷದ ಹೊಣೆ ಒಂದು ಒಕ್ಕದ್ದು. ನಿಮ್ಮ ಮೂವರಲ್ಲೂ ಹಾಗೆಯೇ ಒಬ್ಬರು ಹೊಣೆ ಹೊರಲಿ. ಪುತ್ತರಿ ಹಬ್ಬಕ್ಕೆ ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಅವರು ಎಲ್ಲರೆದುರು ಲೆಕ್ಕ ಓದಲಿ. ಮೂರು ಕುಯ್ಲು ಮುಗಿದ ಮೇಲೂ ಮೂವರೂ ಮಾತಾಡುತ್ತಿದ್ದರೆ ಆಗ ಟ್ರಸ್ಟ್ ಯೋಚಿಸಿ.

ಮೊದಲು ಹಾಡಿಗೆ ಹತ್ತಿರದ ಶಾಲೆಯ ಟೀಚರನ್ನೂ, ಒಂದಿಬ್ಬರು ತಾಯಂದಿರನ್ನೂ ಕಂಡು ಬನ್ನಿ. ಕೈಯಲ್ಲಿ ಏನೂ ಒಯ್ಯಬೇಡಿ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು.